ಕಿವಿರು ನೋಡದೆ ಕೊಂಡ ಮೀನು

ದೋಹಾದ ಡಿಸೆಂಬರಿಗೆ ಸ್ವೆಟರ್ ಬೇಕೆಂದಾಗ
ಮಲ್ಪೆಯಲ್ಲಿ ಎಲ್ಲರೂ ನಕ್ಕಿದ್ದರು.
ಇಲ್ಲಿ ಸಂಜೆಗಾಳಿ ಕಣ್ಣಿಗೆ ಮರಳು ಎರಚಿ
ಸೆರಗು ಹಿಡಿದು ಜಗ್ಗುತ್ತದೆ.

ಇಟಲಿಗೆ ಹೋಗುವ ಮಾತಿತ್ತು,
ಮದುವೆಯ ಇಪ್ಪತ್ತೈದನೇ ವರ್ಷಕ್ಕೆ.
ಬಿಸ್ಕತ್ತಿನ ಡಬ್ಬಿಯಲ್ಲಿ ರಿಯಾಲು ಕೂಡಿಸುತ್ತ
ಇವರು ನಕಾಶೆಯ ಮೇಲೆ ಬೆರಳಿಟ್ಟು ಕಾದಿದ್ದರು.
ಪಾಸ್‌ಪೋರ್ಟು ಹಾಗೇ ಮರಳಿತು, ಜೊತೆಗೊಂದು ಹಾಳೆ;
ಅಚ್ಚಾದ ಕಾರಣಗಳ ಸಾಲಿನಲ್ಲಿ
ಎರಡನೆಯದರ ಎದುರು ಪುಟ್ಟ ಗುರುತು.
"ನಾವು ವಾಪಸು ಹೋಗುತ್ತೇವೆಂಬ ನಂಬಿಕೆ ಅವರಿಗಿಲ್ಲ," ಎಂದರು.
ವಾಪಸು ಹೋಗುವುದನ್ನೇ ಕಸುಬು ಮಾಡಿಕೊಂಡ ಮನುಷ್ಯ!
ಎರಡು ವರ್ಷಕ್ಕೊಮ್ಮೆ ಮೂವತ್ತು ದಿನ;
ಒಂದು ದಿನವೂ ತಡಮಾಡದೆ
ತಿರುಗಿ ಹೋದವರು.

ಹಾಗಾಗಿ ಈ ಮಾಲ್.
ಹೊರಗೆ ಕತ್ತಲು, ಒಳಗೆ ಸಂಜೆ ನಾಲ್ಕು ಗಂಟೆ,
ಎಷ್ಟು ಹೊತ್ತು ನಡೆದರೂ ನಾಲ್ಕೇ ಗಂಟೆ.
ಮೇಲೆ ಬಣ್ಣ ಬಳಿದ ನೀಲಿ, ಕದಲದ ಮೋಡ,
ಯಾರ ಬಟ್ಟೆಯೂ ಒಣಗದ ಬಾಲ್ಕನಿಗಳು,
ನಡುವೆ ಕಾಲುವೆ.
"ಇದು ವೆನಿಸ್. ಆ ತಿರುವು ದಾಟಿದರೆ ರೋಮ್.
ಚಪ್ಪಲಿ ಅಂಗಡಿಯಿಂದಾಚೆ ಮಿಲಾನ್."
ನಮ್ಮ ಮನೆಗೂ ಮೀನು ಮಾರ್ಕೆಟ್ಟಿಗೂ
ಇದಕ್ಕಿಂತ ಹೆಚ್ಚು ನಡೆಯಬೇಕು.

ದೋಣಿಗೆ ಟಿಕೇಟು.
ನಾನು ದೋಣಿಯವರ ಮನೆಯಲ್ಲಿ ಹುಟ್ಟಿದವಳು;
ಹತ್ತುವ ಮೊದಲು ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡೆ,
ಅಭ್ಯಾಸ.
ಫೈಬರು. ಅಡಿಯಲ್ಲೆಲ್ಲೋ ಮೋಟಾರು ಗುಂಯ್‌ಗುಡುತ್ತಿತ್ತು,
ಹುಟ್ಟು ಬರೀ ಶೋಕಿಗೆ.
ನೀರಿಗೆ ಬೆರಳದ್ದಿ ನಾಲಿಗೆಗಿಟ್ಟೆ.
"ಎಂಥದು ಗುಲಾಬಿ, ಮಗುವಿನ ಹಾಗೆ!"
ಉಪ್ಪಿಲ್ಲ. ಆಸ್ಪತ್ರೆಯ ನೆಲ ಒರೆಸಿದ ವಾಸನೆ.
ಅಂಬಿಗ, ಪಟ್ಟೆಪಟ್ಟೆ ಅಂಗಿಯ ನೇಪಾಳದ ಹುಡುಗ.
ಸಮುದ್ರ ನೋಡಿದ್ದೀಯಾ, ಹಿಂದಿಯಲ್ಲಿ ಕೇಳಿದೆ.
ಒಮ್ಮೆ, ವಿಮಾನದ ಕಿಟಕಿಯಿಂದ, ಎಂದ.

ಆಗ ಇವರು ಮೇಲೆ ತೋರಿಸಿದರು:
"ಆ ಮೋಡ ಉಂಟಲ್ಲ, ನಾಯಿ ಮುಖದ್ದು,
ಅದರ ಹಿಂದೆ ಹದಿನಾರು ತಿಂಗಳು ಇದ್ದೆ."
ತಗಡಿನ ಡಕ್ಟು ಜೋಡಿಸುತ್ತ, ಮೊಣಕಾಲಲ್ಲಿ ತೆವಳುತ್ತ;
ಕೆಳಗೆ ಕಾಲುವೆಯಿಲ್ಲ ಆಗ, ಬರೀ ಗುಂಡಿ.
ತಂಪು ಇನ್ನೂ ಹರಿಯದ ತಂಪಿನ ಕೊಳವೆಯೊಳಗೆ
ಬೆವರು ಬೂಟಿಗಿಳಿದು ಪಚಪಚ ಎನ್ನುತ್ತಿತ್ತಂತೆ.
ಫೋನಿನಲ್ಲಿ ನನಗೆ ಹೇಳುತ್ತಿದ್ದದ್ದಿಷ್ಟು:
"ಕೆಲಸ ಪೂರಾ ಎ.ಸಿ.ಯದ್ದು, ಚಿಂತೆ ಬೇಡ."
ಸುಳ್ಳೇನಲ್ಲ.
"ಬಾಯಿಂದ ಜಾರಿದ ಒಂದು ಸ್ಕ್ರೂ
ಇನ್ನೂ ಅಲ್ಲೇ ಎಲ್ಲೋ ಬಿದ್ದಿರಬೇಕು," ಎಂದರು,
ಬಾವಿಗೆ ಕೊಡ ಬಿಟ್ಟವರ ದನಿಯಲ್ಲಿ.

ಊಟ.
ಬಿಳಿ ಮೇಜುಬಟ್ಟೆ, ಬೆಣ್ಣೆಗೇ ಬೇರೆ ಚಾಕು,
ಕುರ್ಚಿ ಎಳೆಯಲಿಕ್ಕೂ ಒಬ್ಬ ಆಳು.
ತಟ್ಟೆ ನಮ್ಮ ಮೊರದಷ್ಟು;
ನಡುವೆ ಹೆಬ್ಬೆಟ್ಟಿನ ಗಾತ್ರದ ಮೂರು ಕಡುಬು,
ಮೇಲೊಂದು ಎಲೆ,
ಒಗ್ಗರಣೆ ಮರೆತು ಎಲೆ ಮಾತ್ರ ನೆನಪಾದವರಂತೆ.
ಆಮೇಲೆ ಮೀನು.
ಕಿವಿರು ನೋಡದೆ ನಾನು ಮೀನು ಕೊಂಡದ್ದು
ಅದೇ ಮೊದಲು.
ತಲೆಯಿಲ್ಲ, ಮುಳ್ಳಿಲ್ಲ. ಯಾವ ಕಡಲಿನದು, ಕೇಳಿದೆ.
ವೇಟರು ಒಳಗೆ ಹೋಗಿ ವಿಚಾರಿಸಿ ಬಂದ:
ಇಟಲಿಯದು, ನಿನ್ನೆಯ ವಿಮಾನದಲ್ಲಿ ಬಂದದ್ದು.
ಇವರು ಫೋರ್ಕು ಕೆಳಗಿಟ್ಟು ನಕ್ಕರು,
ಪಕ್ಕದ ಮೇಜಿನವರು ತಿರುಗುವಷ್ಟು:
"ನೋಡು ಮಾರಾಯ್ತಿ, ಇದಕ್ಕೆ ವೀಸಾ ಸಿಕ್ಕಿದೆ!"

ರುಚಿಯಿತ್ತು, ಸುಳ್ಳು ಹೇಳಬಾರದು.
ಬಿಲ್ಲು ಬಂದಾಗ ಮೇಜಿನಡಿಯಲ್ಲಿ
ನೋಟು ಎಣಿಸಿದರು, ಎರಡು ಸಲ.
ಡಬ್ಬಿಯ ಬಿಸ್ಕತ್ತಿನ ಪರಿಮಳ ಇನ್ನೂ ಇತ್ತು ಅವಕ್ಕೆ.

ಬರುವಾಗ ರೋಮಿನ ಮೂಲೆಯಲ್ಲಿ
ಒಂದು ಜಾಲರಿಯ ಕೆಳಗೆ ನಿಂತರು.
ಅಂಗೈ ಮೇಲೆತ್ತಿ ಹಿಡಿದರು,
ಗಾಳಿ ಬರುತ್ತದೋ ಎಂದು.
ಬರುತ್ತಿತ್ತು.
ಜನ ನೋಡುತ್ತಿದ್ದರು.
ನಾನೂ ಕೈಯೆತ್ತಿದೆ.