ಒಂದೇ ವ

ಊರಿನ ಹೆಸರು ಹಲ್.
"ಬಾಯಿ ರಿಪೇರಿಯವಳಿಗೆ ತಕ್ಕ ಊರೇ"
ಅಂತ ಫೋನಿನಲ್ಲಿ ನಕ್ಕಿದ್ದಳು ಅಕ್ಕ.

ವಾರವೆಲ್ಲ ಕ್ಲಿನಿಕ್ಕು. ಶನಿವಾರ ಸಂಬಳವಿಲ್ಲ:
ಗ್ರಂಥಾಲಯದ ಹಿಂಕೋಣೆ, ಪುಟ್ಟ ಕುರ್ಚಿ,
ಕನ್ನಡಿ, ಸ್ಟ್ರಾ, ಒಂದು ಕೋಳಿಗರಿ,
ಸರದಿ ಬರುವಷ್ಟರಲ್ಲಿ
ಹಾಲುಹಲ್ಲು ಬಿದ್ದೇಹೋಗುವ ಮಕ್ಕಳು.

ಕ್ಯಾಲಮ್‌ಗೆ ಕ ಇಲ್ಲ.
ಹೆಸರು ಕೇಳಿದರೆ ಟ್ಯಾಲಮ್,
ಬೀಗದ ಕೀ ತೋರಿಸಿದರೆ ಟೀ.
ಅಂಗಾತ ಮಲಗಿ ಇಬ್ಬರೂ ಗೊರಕೆ ಹೊಡೆದೆವು.
ನನಗೋ ಒಂದನೇ ಕ್ಲಾಸಿನ ಗೋಡೆ ನೆನಪು:
ಗಂಟಲಿಂದ ತುಟಿಗೆ
ಐದು ಮೆಟ್ಟಿಲಿಳಿಯುವ ಅಕ್ಷರಮಾಲೆ.
ಇವನು ಟ ಮೇಲೆ, ನಡುಮೆಟ್ಟಿಲಲ್ಲಿ ಕೂತಿದ್ದಾನೆ,
ಹಿಂದಕ್ಕೆ ಹತ್ತಲೊಲ್ಲ.

ಏಳನೇ ಶನಿವಾರ
ಕಿಟಕಿಯಾಚೆ ಕಡಲಹಕ್ಕಿ ಯಾರದೋ ಚಿಪ್ಸ್ ಕಿತ್ತಿತು.
ಬಿದ್ದು ಬಿದ್ದು ನಕ್ಕ,
ನಗು ಗಂಟಲಲ್ಲಿ ಸಿಕ್ಕಿ,
ಕ್!
ಇಬ್ಬರೂ ಅಲುಗಲಿಲ್ಲ,
ಹಾರಿಹೋದೀತೆಂದು.

ಹೊರಡುವಾಗ "ವಾಟರ್ ಕುಡಿ" ಅಂದೆ.
"ತಪ್ಪು" ಅಂದ.
ನನ್ನದೇ ಕನ್ನಡಿ ನನ್ನ ಮುಖಕ್ಕೆ ಹಿಡಿದು
ತುಟಿ ಗುಂಡಗೆ ಮಾಡಿ ತೋರಿಸಿದ.
ಹಲ್ಲು ತಾಗಬಾರದಂತೆ.
ಇಪ್ಪತ್ತಾರು ವರ್ಷ ಯಾರೂ ಹೇಳಿರಲಿಲ್ಲ.

ನನ್ನ ಲಿಪಿಯಲ್ಲಿ ಎರಡಕ್ಕೂ ಒಂದೇ ವ.
ಹೇಗೆ ಬರೆದಿಟ್ಟುಕೊಳ್ಳಲಿ, ಕ್ಯಾಲಮ್,
ನಿನ್ನಿಂದ ಕಲಿತದ್ದನ್ನು?