ರಸೀತಿ

ಲೈಪ್‌ಜಿಗ್. ಗೋಡೆ ಬೀಳಲು ಇನ್ನೂ ಏಳು ವರ್ಷ.
ನನಗೆ ಹತ್ತು ತಿಂಗಳು. ಅಕ್ಕ ಗುಂಡುಲಾ
ನನ್ನ ಲಂಗೋಟಿಯ ಪಿನ್ನು ಕಿತ್ತು
ಅಜ್ಜನ ಕೋಟಿಗೆ ಚುಚ್ಚಿಕೊಂಡಳಂತೆ;
ನಾನು ಬೆತ್ತಲೆ ಅಂಬೆಗಾಲಿಟ್ಟೆನಂತೆ ಮನೆ ತುಂಬ.

ಪಂಕ್ ಅಂತೆ. ನಕಲಿನ ನಕಲಿನ ಕ್ಯಾಸೆಟ್ಟು,
ಮುಕ್ಕಾಲು ಬರೀ ಗೊರಗೊರ, ಮಿಕ್ಕದ್ದು ಕಿರುಚು.
ಒಂದಕ್ಷರ ತಿಳಿಯದು.
ಆದರೂ ಯಾರೋ ಹೆಸರು ಹಿಡಿದು ಕೂಗಿದ ಹಾಗೆ
ತಿರುಗಿದಳು.

ಸಕ್ಕರೆ ನೀರಲ್ಲಿ ಸೆಟೆದು ನಿಂತ ಜುಟ್ಟಿಗೆ
ಬೇಸಿಗೆಯಲ್ಲಿ ಇರುವೆ.
ಠಾಣೆಯಲ್ಲಿ ಬೋಳಿಸಿದರು. ಪಿನ್ನು ಎಣಿಸಿ ಕಿತ್ತುಕೊಂಡು
ರಸೀತಿ ಕೊಟ್ಟರು: ಹನ್ನೊಂದು.
ಅಮ್ಮ ಮೊದಲು ಕಿಟಕಿ ಮುಚ್ಚಿದಳು, ಆಮೇಲೆ ಅತ್ತಳು.

ಈಗ ಟ್ರಾಮ್ ಓಡಿಸುತ್ತಾಳೆ. ಟಿಕೆಟ್ಟಿಲ್ಲದ ಹುಡುಗರು ಹತ್ತಿದರೆ
ಕನ್ನಡಿಯಲ್ಲಿ ಕಂಡೂ ಸುಮ್ಮನೆ.
ಆ ರಸೀತಿ ಇನ್ನೂ ಪರ್ಸಿನಲ್ಲಿದೆ, ಮಡಚಿದಲ್ಲೆಲ್ಲ ಹರಿದು.
"ಸುಳ್ಳು ಲೆಕ್ಕ," ಅನ್ನುತ್ತಾಳೆ,
"ಹನ್ನೆರಡಿತ್ತು."