ಮೂರನೆಯ ಪಟ್ಟಿ

ಕರೆ ಬಂದದ್ದು ಗುರುವಾರ. ಸಂದರ್ಶನ ಸೋಮವಾರ ಹತ್ತೂವರೆಗೆ.
ಮೇಟಗಳ್ಳಿಯ ಊದುಬತ್ತಿ ಕಾರ್ಖಾನೆಯಲ್ಲಿ
ಪರಿಮಳದ ಕೋಣೆಗೆ ಸಹಾಯಕಿ ಬೇಕಂತೆ.
ಪ್ಯಾಕಿಂಗಿನಲ್ಲಿರುವ ರುಖಿಯಾ ಫೋನಿನಲ್ಲೇ ಪಥ್ಯ ಬರೆಸಿದಳು:
ಈರುಳ್ಳಿ ಮುಟ್ಟಬೇಡ. ಕಾಫಿ ಬೇಡ. ತಲೆಗೆ ಎಣ್ಣೆ ಬೇಡ.
ಮಲ್ಲಿಗೆ ಮುಡಿದು ಬಂದವಳನ್ನು ಹೋದ ಸಲ
ಬಾಗಿಲಿಂದಲೇ ವಾಪಸು ಕಳಿಸಿದರು, ಗೊತ್ತಾ?

ನಾಲ್ಕು ದಿನ ಕ್ಯಾತಮಾರನಹಳ್ಳಿಯ ನಮ್ಮ ಮನೆಯಲ್ಲಿ
ಒಗ್ಗರಣೆಯ ಸದ್ದಿಲ್ಲ.
ಅವ್ವ ಸಪ್ಪೆಸಾರಿಗೆ ಮುದ್ದೆ ಅದ್ದುತ್ತಾ
"ಸೂತಕದ ಮನೆ ಇದ್ದಂಗದೆ" ಅಂದಳು.
ಪ್ರಭುಸ್ವಾಮಿ ಬೀಡಿ ಸೇದಲು ರಿಂಗ್ ರಸ್ತೆಯವರೆಗೂ ನಡೆದ.
ತಮ್ಮನಾಗಿ ಅವನು ಮಾಡಿದ ಒಂದೇ ಉಪಕಾರ,
ಬರೆದಿಡುತ್ತೇನೆ.

ರಾತ್ರಿ ಕನ್ನಡಿಯ ಮುಂದೆ ಅಭ್ಯಾಸ.
ಗುಡ್ ಮಾರ್ನಿಂಗ್ ಸರ್. ಮೇಡಂ ಇದ್ದರೆ ಮೇಡಂ.
ನನ್ನ ಬಲ ಏನೆಂದರೆ. ನನ್ನ ದೌರ್ಬಲ್ಯ ಏನೆಂದರೆ.
ದೌರ್ಬಲ್ಯವನ್ನೂ ಬಲದ ಹಾಗೇ ಹೇಳಬೇಕಂತೆ,
ಪಕ್ಕದ ಬೀದಿಯ ಟ್ಯೂಷನ್ ಮೇಷ್ಟ್ರು ಹೇಳಿಕೊಟ್ಟದ್ದು.
ನನಗೆ ನಗು. ಕನ್ನಡಿಗೂ.
ಅರ್ಜಿಯಲ್ಲಿ ಅನುಭವ ಎಂಬ ಖಾನೆ ಖಾಲಿ ಬಿಟ್ಟಿದ್ದೆ.
ಒಂಬತ್ತು ವರ್ಷ ಜಗಲಿಯಲ್ಲಿ ಕೂತು ಬತ್ತಿ ಹೊಸೆದದ್ದಕ್ಕೆ
ಸಾವಿರದ ಲೆಕ್ಕದಲ್ಲಿ ಕಾಸು ಕೊಟ್ಟವರಿದ್ದಾರೆ,
ಪತ್ರ ಕೊಟ್ಟವರಿಲ್ಲ.
ಅಂಗೈ ಗೆರೆಗಳೊಳಗೆ ಇದ್ದಿಲು ಕೂತಿದೆ;
ಶಾಸ್ತ್ರ ಹೇಳುವವನೂ ಒಮ್ಮೆ
"ಮೊದಲು ಕೈ ತೊಳ್ಕೊಂಡು ಬಾಮ್ಮ" ಅಂದಿದ್ದ.

ಭಾನುವಾರ ಸಂಜೆ ಗಂಟಲು ಕೆರೆಯಿತು.
ಒಂದು ಸೀನು. ಆಮೇಲೆ ಇನ್ನೊಂದು.
ಯಾರಿಗೂ ಹೇಳಲಿಲ್ಲ.
ಬಿಸಿನೀರಿನ ಪಾತ್ರೆಯ ಮೇಲೆ ಟವೆಲು ಹೊದ್ದು ಬಗ್ಗಿದೆ.
ನೀಲಗಿರಿ ಎಣ್ಣೆ ಹಾಕುವ ಹಾಗಿಲ್ಲ.
ಬರೀ ನೀರು, ಬರೀ ಹರಕೆ.

ಅಲ್ಲಿ ಹನ್ನೊಂದು ಜನ.
ಯಾರ ಮೈಯಿಂದಲೂ ಏನೂ ಬರುತ್ತಿಲ್ಲ;
ಅಷ್ಟು ತೊಳೆದುಕೊಂಡ ಜನರನ್ನು ಒಟ್ಟಿಗೆ ಕಂಡದ್ದು ಅದೇ ಮೊದಲು.
ಒಳಗೆ ಇಬ್ಬರು. ಕೇಳುವವರೊಬ್ಬರು, ಬರೆಯುವವರೊಬ್ಬರು.
ನಿಮ್ಮ ಬಗ್ಗೆ ಹೇಳಿ ಅನ್ನಲೇ ಇಲ್ಲ.
ಬಲವೂ ದೌರ್ಬಲ್ಯವೂ ನಾಲಿಗೆ ತುದಿಯಲ್ಲೇ ಒಣಗಿದವು.
ಬಿಳಿ ಕಾಗದದ ಪಟ್ಟಿಗಳನ್ನು ಮುಂದಿಟ್ಟರು.

ಮೊದಲನೆಯದು ಗಂಧ. ಅಲ್ಲ, ಗಂಧದ ವೇಷ ಹಾಕಿದ್ದು.
ಹಾಗೇ ಅಂದೆ. ಬರೆಯುವವರು ತಲೆ ಎತ್ತಿದರು.
ಎರಡನೆಯದು ಲಾವಂಚ, ಅದರಡಿಯಲ್ಲೆಲ್ಲೋ
ಹೊಸ ಮಡಕೆಗೆ ಮೊದಲ ದಿನ ನೀರು ತುಂಬಿದ ಹಾಗೆ.
ಮೂರನೆಯದು.
ಹತ್ತಿರ ಹಿಡಿದೆ. ದೂರ ಹಿಡಿದೆ. ಕಣ್ಣು ಮುಚ್ಚಿದೆ.
ನನಗಿಂತ ಮುಂಚೆ ಹೋದವಳು ಹೊರಗೆ ಬಂದು
"ಸಂಪಿಗೆ ಅಂದ್ಬುಟ್ಟೆ ಕಣೆ" ಅಂತ ಪಿಸುಗುಟ್ಟಿದ್ದು ಕೇಳಿತ್ತು.
ಸಂಪಿಗೆ ಅಂದುಬಿಡಲೇ?
ತುಟಿ ಕೂಡ ಸಂಪಿಗೆಗೆಂದೇ ಸಿದ್ಧವಾಗಿತ್ತು.
"ಇದರಲ್ಲಿ ಏನೂ ಇಲ್ಲ ಸರ್."

ಅವರು ಹೌದು ಅನ್ನಲಿಲ್ಲ. ಅಲ್ಲ ಅನ್ನಲಿಲ್ಲ.
ಕೈ ತೋರಿಸಿ ಅಂದರು. ತೋರಿಸಿದೆ.
ಎಷ್ಟು ವರ್ಷ?
ಒಂಬತ್ತು.
ಫೋನ್ ಮಾಡ್ತೀವಿ.

ಬಸ್ಸಿನ ಕಿಟಕಿಯ ಪಕ್ಕ ಕೂತ ಮೇಲೆ ಹೆದರಿಕೆ ಶುರುವಾಯಿತು:
ಖಾಲಿ ಇದ್ದದ್ದು ಕಾಗದವೋ
ಕಟ್ಟಿದ್ದು ನನ್ನ ಮೂಗೋ?
ದೇವರಾಜ ಮಾರುಕಟ್ಟೆಗೆ ಇಳಿದು
ಬೇಕೆಂದೇ ಹೂವಿನ ಸಾಲು ಹಿಡಿದು ನಡೆದೆ.
ಮರುಗ ಬಂತು. ಕೊಳೆತ ಬಾಳೆ ಬಂತು. ಕರ್ಪೂರ ಅರ್ಧ ಬಂತು.
ಸಂಪಿಗೆಯವನ ಬುಟ್ಟಿ ಅಷ್ಟರಲ್ಲಿ ಖಾಲಿ.
"ಬೆಳಗ್ಗೇನೇ ಮುಗೀತಕ್ಕ" ಅಂದ.

ಮನೆಯಲ್ಲಿ ಅವ್ವ ಏನೂ ಕೇಳಲಿಲ್ಲ.
ಬಾಣಲೆ ಇಟ್ಟು ನಾಲ್ಕು ದಿನದ ಸೇಡು ತೀರಿಸಿಕೊಂಡಳು,
ಸಾಸಿವೆ, ಇಂಗು, ಬೆಳ್ಳುಳ್ಳಿ, ಹಿಡಿ ತುಂಬ ಒಣಮೆಣಸಿನಕಾಯಿ.
"ವಾಸ್ನೆ ಬಂತೇನವ್ವ?"
ಬಾಯಿ ತೆರೆಯುವಷ್ಟರಲ್ಲಿ ಸೀನಿದೆ.
ಅವ್ವ ಸೀನಿದಳು. ಹಟ್ಟಿ ಬಾಗಿಲಲ್ಲಿ ಪ್ರಭುಸ್ವಾಮಿ ಸೀನಿದ.
ಘಾಟಿನ ಸೀನುಗಳ ಮಧ್ಯೆ
ನನ್ನದು ಯಾವುದರದೆಂದು
ಇನ್ನು ಯಾರೂ ಹೇಳುವ ಹಾಗಿಲ್ಲ.